ಆಟವಾಡಿಸುವವನ ಅಧಿಕಾರ

ಆಟವೆಂದರೆ ಮಕ್ಕಳ ಕಾಲಹರಣವೆಂದೂ, ಧರ್ಮಾಧರ್ಮಗಳ ವಿಚಾರಕ್ಕೆ ಅಲ್ಲಿ ಎಡೆಯಿಲ್ಲವೆಂದೂ ಭಾವಿಸುವ ಹಿರಿಯರು ನಮ್ಮಲ್ಲಿ ಬಹುಮಂದಿ ಇರುವರು. ಆದರೆ ಕುರುಕುಲವನ್ನು ಹಾಳುಮಾಡಿದ ಬೀಜವು ಮೊದಲು ಬಿದ್ದುದು ಜೂಜಿನ ಹಾಸಿನ ಮೇಲೆ ಎಂಬುದನ್ನು ನೆನೆಯುವವರು ಆಟವನ್ನು ಅಷ್ಟು ಹಗುರಾಗಿ ಎಣಿಸಲಾರರು. ಮನುಷ್ಯನು ಬಾಳಿನಲ್ಲಿ ಮುಚ್ಚಿಟ್ಟುಕೊಂಡ ಗುಣಾವಗುಣಗಳು ಆಟದಲ್ಲಿ ಬೇಗನೆ ಹೊರಬೀಳುತ್ತವೆ. ಅಲ್ಲಿ ನಷ್ಟವು ಸಣ್ಣದೆಂದು ತೋರುವುದರಿಂದ ಎಚ್ಚರಿಕೆಯೂ ಸಣ್ಣದಾಗಿರುತ್ತದೆ. ಈ ಲೇಖನದಲ್ಲಿ ನಾನು ಎತ್ತಿಕೊಂಡ ಪ್ರಶ್ನೆಯೂ ಒಂದು ಆಟದಿಂದಲೇ ಹುಟ್ಟಿತು. ನಾಲ್ಕಾರು ಜನರು ಕೂಡಿ ಆಡುವಲ್ಲಿ ಒಬ್ಬನು ಆಡಿಸುವವನಾಗಿ ಕುಳಿತರೆ, ಅವನ ಮಾತಿಗೆ ಉಳಿದವರು ಏತಕ್ಕೆ ತಲೆಬಾಗಬೇಕು? ತಲೆಬಾಗುವುದು ನ್ಯಾಯವೇ ಆದರೆ ಆ ಅಧಿಕಾರಕ್ಕೆ ಮೇರೆ ಯಾವುದು? ಈ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟವಳು ಹನ್ನೆರಡು ವರುಷದ ಹುಡುಗಿ. ಅಂದು ಅವಳಿಗೆ ಉತ್ತರವನ್ನು ಕೊಡಲಾರದೆ ಹೋದೆನು. ಅದನ್ನು ಇಲ್ಲಿ ಕೊಡಲು ಯತ್ನಿಸುತ್ತೇನೆ.

ಆಟದ ಪರಿಚಯವಿಲ್ಲದ ವಾಚಕರಿಗಾಗಿ ಅದರ ಸ್ವರೂಪವನ್ನು ಮೊದಲು ಹೇಳುವುದು ಅವಶ್ಯ. ಮೇಜಿನ ಸುತ್ತ ಕುಳಿತು ಪಾತ್ರ ವಹಿಸಿ ಆಡುವ ಈ ಬಗೆಯ ಆಟವು, 1974ರಲ್ಲಿ ಅಮೇರಿಕದಲ್ಲಿ ಅಚ್ಚಾಗಿ ಹೊರಬಂದ ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಆಟದಿಂದ ಪ್ರಚಾರಕ್ಕೆ ಬಂದಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಅದರ ಕರ್ತೃಗಳು. ಇದರಲ್ಲಿ ಚದುರಂಗದಂತೆ ಗೆದ್ದವನೂ ಇಲ್ಲ, ಸೋತವನೂ ಇಲ್ಲ. ಆಡುವವರು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ಕಲ್ಪಿಸಿಕೊಂಡು, ಅದರ ಬಲಾಬಲಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಒಬ್ಬನು ಮಾತ್ರ ಯಾವ ಒಂದು ಪಾತ್ರವನ್ನೂ ತನ್ನದೆನ್ನದೆ, ಉಳಿದ ಲೋಕವೆಲ್ಲವೂ ತಾನೇ ಆಗುತ್ತಾನೆ. ಕಾಡು, ಹೊಳೆ, ಅರಸು, ಕಳ್ಳ, ಮಳೆ, ಹುಲಿ ಇವೆಲ್ಲವೂ ಅವನ ಬಾಯಿಂದಲೇ ಬರತಕ್ಕವು. ಅವನು ಸನ್ನಿವೇಶವನ್ನು ಹೇಳುತ್ತಾನೆ. ಆಡುವವರು ತಮ್ಮ ಪಾತ್ರವು ಏನು ಮಾಡುವುದೆಂಬುದನ್ನು ಹೇಳುತ್ತಾರೆ. ಫಲವು ಸಂದೇಹದಲ್ಲಿದ್ದರೆ ದಾಳವನ್ನು ಎಸೆದು ನಿರ್ಣಯಿಸುತ್ತಾರೆ. ದಾಳಗಳಲ್ಲಿ ಆರು ಮುಖದವು ಮಾತ್ರವಲ್ಲದೆ ನಾಲ್ಕು, ಎಂಟು, ಹನ್ನೆರಡು, ಇಪ್ಪತ್ತು ಮುಖಗಳುಳ್ಳವೂ ಉಂಟು. ಆಡಿಸುವವನನ್ನು ಆ ಜನರು ಗೇಮ್ ಮಾಸ್ಟರ್ ಎನ್ನುವರು. ನಮ್ಮ ನಾಟಕದ ಮಾತನ್ನು ಎರವಲು ತಂದು ಅವನನ್ನು ಸೂತ್ರಧಾರನೆಂದು ಕರೆಯೋಣ.

ಕಳೆದ ಆಷಾಢದಲ್ಲಿ ತಂದೆಯವರ ಶ್ರಾದ್ಧಕ್ಕೆಂದು ದಾಂಡೇಲಿಯಿಂದ ಅಕ್ಕನ ಮನೆಯವರೂ, ಹುಬ್ಬಳ್ಳಿಯಿಂದ ತಮ್ಮನ ಮನೆಯವರೂ ಹಳಿಯಾಳದ ನಮ್ಮ ಮನೆಗೆ ಬಂದಿದ್ದರು. ಕಾರ್ಯವು ಮುಗಿದ ಮೇಲೂ ಮಳೆಯು ಅವರನ್ನು ಬಿಡಲಿಲ್ಲ. ವಿದ್ಯುತ್ತು ಹೋಗಿ ಮಕ್ಕಳಿಗೆ ಬೇಸರವು ಹತ್ತಿದಾಗ, ಕಾಲೇಜಿನಲ್ಲಿ ಓದುವ ತಮ್ಮನ ಮಗನು ಚೀಲದಿಂದ ಈ ದಾಳಗಳನ್ನು ಹೊರತೆಗೆದು, ಕಥೆ ಹೇಳುವ ಅಭ್ಯಾಸವುಳ್ಳವನೆಂದು ನನ್ನನ್ನೇ ಸೂತ್ರಧಾರನನ್ನಾಗಿ ಕೂರಿಸಿದನು. ನಾನು ನಮ್ಮ ಸೀಮೆಯನ್ನೇ ರಂಗವಾಗಿ ಆರಿಸಿಕೊಂಡೆನು. ಸೂಪಾ ಅಣೆಕಟ್ಟು ಇನ್ನೂ ಇಲ್ಲದಿದ್ದ ಕಾಲ. ಕಾಳಿ ನದಿಯು ಮಳೆಗಾಲದಲ್ಲಿ ತುಂಬಿ ಹರಿಯುತ್ತಿದೆ. ಉಳವಿಯ ದಾರಿಯ ಒಂದು ಹಳ್ಳಿಯಲ್ಲಿ ಜ್ವರವು ಹಬ್ಬಿದೆ. ಹಳಿಯಾಳದ ಪೇಟೆಯಿಂದ ನಾಲ್ವರು ಔಷಧವನ್ನು ಹೊತ್ತು ಅಲ್ಲಿಗೆ ಹೊರಟಿದ್ದಾರೆ. ಅಕ್ಕನ ಮಗಳು ಅವರಲ್ಲಿ ಅಂಬಿಗನ ಮಗಳಾಗಿದ್ದಳು. ತೆಪ್ಪವು ನಡುಹೊಳೆಗೆ ಬಂದಾಗ ದಡದ ಮರಕ್ಕೆ ಕಟ್ಟಿದ ಹಗ್ಗವು ಸಡಿಲಿತೆಂದು ನಾನು ಹೇಳಿದೆನು. ಹಿರಿಯ ಹುಡುಗರು ಉಪಾಯವನ್ನು ಹುಡುಕುತ್ತಿರುವಷ್ಟರಲ್ಲಿ ಅವಳು, ತನ್ನ ಪಾತ್ರವು ನೀರಿಗೆ ಧುಮುಕಿ ದಡಕ್ಕೆ ಮರಳಿ, ಉಳಿದವರು ದಾಟುವವರೆಗೆ ಹಗ್ಗವನ್ನು ಹಿಡಿದು ನಿಲ್ಲುವುದೆಂದು ಹೇಳಿಬಿಟ್ಟಳು. ಇಪ್ಪತ್ತು ಮುಖದ ದಾಳದಲ್ಲಿ ಹನ್ನೆರಡಕ್ಕೆ ಕಡಮೆ ಬಿದ್ದರೆ, ಉಳಿದವರು ದಾಟಿಯಾರು, ಆದರೆ ಹೊಳೆಯು ಅವಳನ್ನು ಎಳೆದೊಯ್ಯುವುದು ಎಂದು ನಾನು ಸಾರಿದೆನು. ಅವಳು ಒಪ್ಪಿದಳು.

ಸೂತ್ರಧಾರನು ತನ್ನ ದಾಳವನ್ನು ಮರೆಯಲ್ಲಿ ಎಸೆಯುವ ರೂಢಿಯುಂಟೆಂದು ತಮ್ಮನ ಮಗನು ಹೇಳಿದ್ದರಿಂದ, ನಾನು ದಪ್ಪ ನಿಘಂಟೊಂದನ್ನು ಮುಂದೆ ಅಡ್ಡವಾಗಿ ನಿಲ್ಲಿಸಿಕೊಂಡಿದ್ದೆನು. ಅದರ ಹಿಂದೆ ದಾಳವು ಉರುಳಿ ನಾಲ್ಕನ್ನು ತೋರಿಸಿತು. ನಾನು ಆ ಹುಡುಗಿಯ ಮುಖವನ್ನು ನೋಡಿದೆನು. ನೋಡಿ, ‘ಹದಿನೈದು’ ಎಂದೆನು. ಮಕ್ಕಳು ಚಪ್ಪಾಳೆ ತಟ್ಟಿದರು. ರಾತ್ರಿ ಹಾಸಿಗೆಗಳನ್ನು ಹಾಸುತ್ತಿದ್ದಾಗ ಅವಳು ಬಳಿಗೆ ಬಂದು, ‘ಮಾಮಾ, ಖರೇ ಹೇಳ್ರಿ, ಎಷ್ಟು ಬಿದ್ದಿತ್ತು?’ ಎಂದು ಕೇಳಿದಳು. ಎರಡನೆಯ ಸುಳ್ಳಿಗೆ ಬಾಯಿ ಬರಲಿಲ್ಲ, ನಿಜವನ್ನು ಹೇಳಿದೆನು. ಅವಳು ಅಳಲಿಲ್ಲ. ‘ಹಂಗಾದ್ರ ಹೊಳ್ಯಾಗ ನೀರ ಇರಲಿಲ್ಲ ಬಿಡ್ರಿ’ ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿಮಗ ಬೇಕಾದಂಗ ಮಾಡೋದಿತ್ತಂದ್ರ ದಾಳ ಯಾಕ ಹಾಕಿದ್ರಿ?’ ಎಂದು ಕೇಳಿ ಮಲಗಲು ಹೋದಳು.

ವಾಚಕ ಮಹಾಶಯರೇ, ಆ ಪ್ರಶ್ನೆಯು ಕೇಳಲು ಎಷ್ಟು ಸಣ್ಣದೋ ಉತ್ತರಿಸಲು ಅಷ್ಟೇ ಕಠಿಣವಾಗಿದೆ. ಮಗುವನ್ನು ನೋಯಿಸಬಾರದೆಂಬ ನನ್ನ ಉದ್ದೇಶವು ಕೆಟ್ಟುದಾಗಿರಲಿಲ್ಲ. ಆಟದ ಪದ್ಧತಿಯೂ ನನ್ನ ಕಡೆಗೇ ಇದ್ದಿತು. 1979ರಲ್ಲಿ ಪ್ರಕಟವಾದ ಸೂತ್ರಧಾರರ ಕೈಪಿಡಿಯಲ್ಲಿ ಗೈಗ್ಯಾಕ್ಸರು, ಬೇಕೆನಿಸಿದಾಗ ದಾಳದ ಫಲವನ್ನು ತಳ್ಳಿಹಾಕುವ ಹಕ್ಕು ಸೂತ್ರಧಾರನಿಗೆ ಉಂಟೆಂದು ಒಪ್ಪಿರುವರು. ಹಾಗಿದ್ದೂ ಆ ಹುಡುಗಿಗೆ ಏನೋ ಅನ್ಯಾಯವಾಯಿತೆಂದು ನನ್ನ ಮನಸ್ಸು ಹೇಳುತ್ತಿದ್ದಿತು. ಆ ಅನ್ಯಾಯವು ಯಾವುದು ಎಂಬುದನ್ನು ಹುಡುಕಬೇಕಾದರೆ ಸೂತ್ರಧಾರನ ಅಧಿಕಾರವು ಯಾವ ಜಾತಿಯದೆಂಬುದನ್ನು ಗೊತ್ತುಮಾಡಿಕೊಳ್ಳಬೇಕು.

ಹಳಿಯಾಳವು ಕುಸ್ತಿಗೆ ಹೆಸರಾದ ಊರು. ಕೆಂಪು ಮಣ್ಣಿನ ಅಖಾಡದಲ್ಲಿ ಜೋಡಿಗಳು ಬಿದ್ದು ಏಳುವಾಗ ನಡುವೆ ನಿಂತ ಪಂಚನನ್ನು ನಾವೆಲ್ಲರೂ ಕಂಡಿರುವೆವು. ಅವನಿಗೆ ಅಧಿಕಾರವುಂಟು, ಅವನು ಬೆನ್ನು ಮಣ್ಣಿಗೆ ತಾಗಿತೆಂದರೆ ತಾಗಿತು. ಆದರೆ ಅವನು ಕಣ್ಣಿನಿಂದ ಕಂಡುದನ್ನು ಬಾಯಿಂದ ಹೇಳುವವನು ಮಾತ್ರ. ಪೈಲವಾನನ ತೋಳಿನ ಬಲವನ್ನು ಅವನು ಕೊಟ್ಟುದಲ್ಲ, ಮಣ್ಣನ್ನು ಅವನು ಹದಮಾಡಿದುದಲ್ಲ. ಅವನು ತಪ್ಪು ಹೇಳಿದರೆ ಸುತ್ತ ಕುಳಿತ ಸಾವಿರ ಕಣ್ಣುಗಳು ಅವನನ್ನು ಹಿಡಿಯುತ್ತವೆ. ಸೂತ್ರಧಾರನ ಸಂಗತಿಯು ಹಾಗಲ್ಲ. ಅವನೇ ಪಂಚ, ಅವನೇ ಎದುರಾಳಿ, ಅಖಾಡದ ಮಣ್ಣೂ ಅವನೇ. ಅವನು ಹೊಳೆಯು ತುಂಬಿದೆಯೆಂದರೆ ತುಂಬಿದೆ. ಅವನ ಮಾತಿನ ಹೊರಗೆ ಬೇರೊಂದು ಹೊಳೆಯಿಲ್ಲ, ಆದುದರಿಂದ ಅವನ ಮಾತನ್ನು ಒರೆಹಚ್ಚಿ ನೋಡುವುದಕ್ಕೆ ಬೇರೊಂದು ಸಾಕ್ಷಿಯೂ ಇಲ್ಲ. ಇಷ್ಟು ದೊಡ್ಡ ಅಧಿಕಾರವನ್ನು ಆಡುವವರು ಒಬ್ಬನಿಗೆ ಒಪ್ಪಿಸುವುದು ಅವನ ಮೇಲಿನ ವಿಶ್ವಾಸದಿಂದಲೇ ಹೊರತು ಬೇರಾವ ಬಲದಿಂದಲೂ ಅಲ್ಲ. ಬೇಡವೆನಿಸಿದರೆ ಅವರು ಎದ್ದು ಹೋಗಬಹುದು. ಈ ಅಧಿಕಾರವು ಅವನ ಸ್ವಾರ್ಜಿತವಲ್ಲ. ಅವನಲ್ಲಿ ಇಟ್ಟ ನ್ಯಾಸ.

ಇದಕ್ಕೆ ಹತ್ತಿರದ ಅಧಿಕಾರವನ್ನು ನಮ್ಮ ಜಿಲ್ಲೆಯಲ್ಲಿಯೇ ನೋಡಬೇಕಾದರೆ ಯಲ್ಲಾಪುರ, ಶಿರಸಿ, ಸಿದ್ದಾಪುರಗಳ ಕಡೆಗೋ, ಘಟ್ಟವನ್ನಿಳಿದು ಹೊನ್ನಾವರ, ಕುಮಟೆಗಳ ಕಡೆಗೋ ಹೋಗಿ ಮಳೆಗಾಲದ ರಾತ್ರಿ ತಾಳಮದ್ದಳೆಯನ್ನು ಕೇಳಬೇಕು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತನು ಪ್ರಸಂಗದ ಪದ್ಯವನ್ನು ಹಾಡುತ್ತಾನೆ; ಎದುರೆದುರಾಗಿ ಕುಳಿತ ಅರ್ಥಧಾರಿಗಳು ಆ ಪದ್ಯದ ಆಧಾರದ ಮೇಲೆ ತಮ್ಮ ತಮ್ಮ ಪಾತ್ರದ ಮಾತನ್ನು ಅಲ್ಲಿಯೇ ಕಟ್ಟಿ ಆಡುತ್ತಾರೆ. ಬರೆದಿಟ್ಟ ಸಂಭಾಷಣೆಯು ಅವರ ಕೈಯಲ್ಲಿಲ್ಲ. ಭಾಗವತನೇ ಮೊದಲ ವೇಷಧಾರಿಯೆಂದು ಯಕ್ಷಗಾನದ ಹಿರಿಯರು ಹೇಳುವುದುಂಟು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಗುಣವಂತೆಯಲ್ಲಿ ಕಟ್ಟಿದ ಇಡಗುಂಜಿ ಮೇಳದಲ್ಲಿ ದೀರ್ಘಕಾಲ ಹಾಡಿದ ನೆಬ್ಬೂರು ನಾರಾಯಣ ಭಾಗವತರಂಥವರನ್ನು ಕೇಳಿದವರಿಗೆ ಈ ಮಾತಿನ ಅರ್ಥವು ತಿಳಿಯುವುದು. ಆಟದ ಹೊತ್ತೆಲ್ಲವೂ ಭಾಗವತನ ಕೈಯ ತಾಳದಲ್ಲಿರುತ್ತದೆ. ಯಾವ ಪದ್ಯವನ್ನು ಎತ್ತಬೇಕು, ಯಾವುದನ್ನು ಬಿಡಬೇಕು, ಎಲ್ಲಿ ನಿಧಾನಿಸಬೇಕು ಎಂಬುದೆಲ್ಲವೂ ಅವನ ಚಿತ್ತ.

ವಾಲಿವಧೆಯ ಪ್ರಸಂಗವನ್ನು ನೆನೆಯಿರಿ. ಬಾಣವು ತಾಗಿ ಬಿದ್ದ ವಾಲಿಯು ರಾಮನನ್ನು, ಮರೆಯಲ್ಲಿ ನಿಂತು ಹೊಡೆದುದು ಯಾವ ಧರ್ಮವೆಂದು ಕೇಳುತ್ತಾನೆ. ಸಮರ್ಥನಾದ ಅರ್ಥಧಾರಿಯು ವಾಲಿಯಾಗಿ ಕುಳಿತರೆ ರಾಮನ ಪಾತ್ರಧಾರಿಯು ಬೆವರಿಳಿಯುವವರೆಗೆ ಉತ್ತರವನ್ನು ಹುಡುಕಬೇಕಾಗುತ್ತದೆ. ಆಗ ಭಾಗವತನು ರಾಮನ ಪರವಾಗಿ ಒಂದು ಮಾತನ್ನೂ ಆಡುವುದಿಲ್ಲ. ಯಾರ ಬಾಯಿಯ ಮಾತನ್ನೂ ಕಸಿದುಕೊಳ್ಳುವುದಿಲ್ಲ. ಹೊತ್ತು ಮೀರಿತೆಂದು ಕಂಡರೆ ತಾಳವನ್ನು ತಟ್ಟಿ ಮುಂದಿನ ಪದ್ಯವನ್ನು ಎತ್ತುತ್ತಾನೆ. ವಾದವು ಅಲ್ಲಿಗೆ ನಿಲ್ಲುತ್ತದೆ. ವಾಲಿಯ ಅರ್ಥಧಾರಿಗೆ ಅಸಮಾಧಾನವಾಗಬಹುದು; ಮರುದಿನ ಚಹದ ಹೊತ್ತಿಗೆ ಅವನು ಭಾಗವತನೊಡನೆ ಜಗಳವನ್ನೂ ತೆಗೆಯಬಹುದು. ಆದರೆ ತನಗೆ ಮೋಸವಾಯಿತೆಂದು ಅವನು ಹೇಳಲಾರನು. ಏಕೆಂದರೆ ಭಾಗವತನು ವಾದವನ್ನು ನಿಲ್ಲಿಸಿದುದನ್ನು ಸಭೆಯೆಲ್ಲವೂ ಕಿವಿಯಾರೆ ಕೇಳಿತು. ನಿಲ್ಲಿಸಿದವನು ತಾನಲ್ಲ, ತಾಳವೇ ತಾನಾಗಿ ಬಡಿದುಕೊಂಡಿತು ಎಂದು ಯಾವ ಭಾಗವತನೂ ಹೇಳುವುದಿಲ್ಲ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ತಾಳಮದ್ದಳೆಯಲ್ಲಿ ಕಥೆಯ ಕೊನೆಯು ಮೊದಲೇ ಗೊತ್ತಿರುತ್ತದೆ. ವಾಲಿಯು ಎಷ್ಟೇ ವಾದಿಸಲಿ, ಬದುಕಿ ಏಳಲಾರನು. ಕೃಷ್ಣಸಂಧಾನದಲ್ಲಿ ಕೃಷ್ಣನು ಎಷ್ಟೇ ಚೆನ್ನಾಗಿ ಮಾತಾಡಲಿ, ಸಂಧಿಯು ಆಗಲಾರದು. ಭಾಗವತನಿಗೆ ಹೊತ್ತಿನ ಮೇಲೆ ಅಧಿಕಾರವುಂಟು, ಪರಿಣಾಮದ ಮೇಲೆ ಇಲ್ಲ. ಮೇಜಿನ ಆಟದಲ್ಲಿಯಾದರೋ ಕೊನೆಯು ಯಾರಿಗೂ ತಿಳಿದಿಲ್ಲ. ಅಂಬಿಗನ ಮಗಳು ಬದುಕುವಳೋ ಇಲ್ಲವೋ ಎಂಬುದನ್ನು ಯಾವ ಪ್ರಸಂಗಕರ್ತನೂ ಬರೆದಿಟ್ಟಿಲ್ಲ. ಆದುದರಿಂದ ಭಾಗವತನಿಗೆ ಪ್ರಸಂಗವೇ ಹಾಕಿಕೊಟ್ಟ ಕಟ್ಟನ್ನು ಸೂತ್ರಧಾರನು ತನಗೆ ತಾನೇ ಹಾಕಿಕೊಳ್ಳಬೇಕಾಗಿದೆ. ಆ ಕಟ್ಟು ಯಾವುದು? ದಾಳವೇ, ಇಲ್ಲವೆ ಅವನ ವಿವೇಕವೇ?

ಈ ಪ್ರಶ್ನೆಯು ಆಟಕ್ಕಿಂತ ಹಳೆಯದು. ಆಟದ ಪೂರ್ವಜರಲ್ಲಿಯೇ ಅದು ತಲೆದೋರಿದ್ದಿತು. 1824ರಲ್ಲಿ ಪ್ರಶಿಯಾದ ಸೇನೆಯ ಫಾನ್ ರೈಸ್ವಿಟ್ಸ್ ಎಂಬ ತರುಣ ಅಧಿಕಾರಿಯು, ತನ್ನ ತಂದೆಯು ಆರಂಭಿಸಿದ್ದ ಯುದ್ಧದ ಆಟವನ್ನು ತಿದ್ದಿ ಪ್ರಕಟಿಸಿದನು. ಎರಡು ಪಕ್ಷಗಳ ಅಧಿಕಾರಿಗಳು ತಮ್ಮ ಆಜ್ಞೆಗಳನ್ನು ಬರೆದು ನಡುವಿನ ಒಬ್ಬ ನಿರ್ಣಾಯಕನಿಗೆ ಕೊಡುವರು. ಎರಡೂ ಸೇನೆಗಳ ಸ್ಥಿತಿಯನ್ನು ಪೂರ್ಣವಾಗಿ ಬಲ್ಲವನು ಅವನೊಬ್ಬನೇ. ಅವನು ಕೋಷ್ಟಕಗಳನ್ನು ನೋಡಿ, ದಾಳವನ್ನು ಎಸೆದು, ಯಾರಿಗೆ ಎಷ್ಟು ನಷ್ಟವಾಯಿತೆಂದು ಹೇಳುವನು. ಐವತ್ತು ವರುಷ ಕಳೆದ ಮೇಲೆ, 1876ರಲ್ಲಿ, ವೆರ್ಡಿ ಡ್ಯು ವೆರ್ನ್ವಾ ಎಂಬ ಜರ್ಮನ್ ಸೇನಾನಿಯು ಈ ಕೋಷ್ಟಕ, ದಾಳಗಳು ಆಟವನ್ನು ಕುಂಟಿಸುತ್ತವೆಂದು ಕಂಡು ಅವನ್ನು ಬದಿಗಿರಿಸಿದನು. ಯುದ್ಧವನ್ನು ಬಲ್ಲ ಅನುಭವಿಯ ವಿವೇಕವೇ ಸಾಕೆಂದು ಅವನ ಮತ. ಮುಂದೆ ಚಾರ್ಲ್ಸ್ ಟಾಟನ್ ಎಂಬ ಅಮೇರಿಕದ ಸೇನಾಧಿಕಾರಿಯು 1880ರಲ್ಲಿ ಬರೆದ ‘ಸ್ಟ್ರಾಟೆಗೋಸ್’ ಎಂಬ ಗ್ರಂಥವು ಡೇವಿಡ್ ವೆಸ್ಲಿ ಎಂಬ ತರುಣನ ಕೈಗೆ ಸಿಕ್ಕಿತು. ಅದರಿಂದ ಸ್ಫೂರ್ತಿಗೊಂಡು ಅವನು 1969ರಲ್ಲಿ ಮಿನೆಸೋಟಾ ಪ್ರಾಂತದಲ್ಲಿ ಒಂದು ಆಟವನ್ನು ಆಡಿಸಿದನು. ಸೇನಾಪತಿಗಳ ಪಾತ್ರಗಳೊಡನೆ ಊರಿನ ಮೇಯರು, ಸಾಹುಕಾರ ಮುಂತಾದ ಪಾತ್ರಗಳನ್ನೂ ಹಂಚಿದನು. ಆಡುವವರು ಅವನು ಎಣಿಸಿಯೇ ಇರದ ಕೆಲಸಗಳಿಗೆ ಕೈಹಾಕಿದರು. ಆಟವು ಕೆಟ್ಟುಹೋಯಿತೆಂದು ಅವನು ತಿಳಿದರೆ, ಆಡಿದವರು ಮತ್ತೆ ಬೇಕೆಂದರು. ಆರ್ನೆಸನ್ನರು ಆ ಗೆಳೆಯರ ಗುಂಪಿನವರೇ. ಅಲ್ಲಿಂದ ಐದು ವರುಷಕ್ಕೆ ಇಂದಿನ ಆಟವು ಹುಟ್ಟಿತು.

ಡ್ಯು ವೆರ್ನ್ವಾನ ಪಕ್ಷವನ್ನು ಹಿಡಿದು ನನ್ನನ್ನು ಸಮರ್ಥಿಸಲು ಯಾರಾದರೂ ಮುಂದಾಗಬಹುದು. ‘ವಿವೇಕವು ದಾಳಕ್ಕಿಂತ ದೊಡ್ಡದು. ಹನ್ನೆರಡು ವರುಷದ ಹುಡುಗಿಯ ಸಾಹಸಕ್ಕೆ ಒಳ್ಳೆಯ ಫಲವು ಬರಬೇಕೆಂದು ನಿಮ್ಮ ವಿವೇಕವು ಹೇಳಿತು. ನೀವು ಹಾಗೆ ಮಾಡಿದಿರಿ. ಇದರಲ್ಲಿ ದೋಷವೇನು?’ ಎಂದು ಅವರು ಕೇಳಬಹುದು. ಈ ವಾದವು ಬಹಳ ಹೊತ್ತು ನನಗೂ ಸರಿಯೆಂದೇ ತೋರಿತು. ಆದರೆ ಆ ಜರ್ಮನ್ ಸೇನಾನಿಗೂ ನನಗೂ ಒಂದು ದೊಡ್ಡ ಅಂತರವುಂಟು. ಅವನು ದಾಳವನ್ನು ಎಲ್ಲರ ಎದುರಿಗೆ ಬದಿಗಿರಿಸಿ, ಇನ್ನು ನಿರ್ಣಯವು ನನ್ನದು ಎಂದು ಬಾಯಿಬಿಟ್ಟು ಹೇಳಿದನು. ಅವನ ನಿರ್ಣಯವು ತಪ್ಪಾದರೆ ಎದುರಿಗೆ ಕುಳಿತ ಅಧಿಕಾರಿಯು, ಇದು ಹೀಗಾಗಲಾರದು, ಆ ಗುಡ್ಡವನ್ನು ಕುದುರೆಗಳು ಅಷ್ಟು ಬೇಗನೆ ಹತ್ತಲಾರವು, ಎಂದು ವಾದಿಸಬಹುದು. ನಾನಾದರೋ ನಿರ್ಣಯವನ್ನು ನಾನೇ ಮಾಡಿ, ಮಾಡಿದವನು ದಾಳವೆಂದು ಹೇಳಿದೆನು. ದೋಷವು ನಿರ್ಣಯಿಸಿದುದರಲ್ಲಿಲ್ಲ, ನಿರ್ಣಯಿಸಿದವನು ಅಡಗಿಕೊಂಡುದರಲ್ಲಿದೆ.

ದಾಳವನ್ನು ಎಸೆಯುವುದೆಂದರೇನು? ಈ ಒಂದು ವಿಷಯದಲ್ಲಿ ನನ್ನ ಇಚ್ಛೆಯನ್ನು ಬಿಟ್ಟುಕೊಟ್ಟೆನು, ಬಿದ್ದುದಕ್ಕೆ ನಾನೂ ನಿಮ್ಮಂತೆಯೇ ಒಳಗಾದೆನು ಎಂದು ಸೂತ್ರಧಾರನು ಕೊಡುವ ಮಾತು ಅದು. ಆ ಮಾತಿನಿಂದಲೇ ಆಡುವವರ ಸಾಹಸಕ್ಕೆ ಬೆಲೆಯು ಬರುತ್ತದೆ. ಹೊಳೆಯು ಎಳೆದೊಯ್ಯಬಹುದೆಂದು ತಿಳಿದೂ ಹಗ್ಗವನ್ನು ಹಿಡಿದವಳು ಏನನ್ನೋ ಪಣಕ್ಕಿಟ್ಟಳು. ನಾನು ಆ ಪಣವನ್ನು ಅವಳಿಗೆ ತಿಳಿಯದಂತೆ ಮೇಜಿನಿಂದ ಎತ್ತಿಟ್ಟೆನು. ಅವಳು ಉಳಿದಳು ನಿಜ. ಆದರೆ ಅವಳು ಮಾಡಿದ ಕಾರ್ಯವು ಉಳಿಯಲಿಲ್ಲ. ಹೊಳೆಯಲ್ಲಿ ನೀರೇ ಇರಲಿಲ್ಲವೆಂದು ಅವಳು ಹೇಳಿದ ಮಾತಿನ ಅರ್ಥವು ಇದೇ ಎಂದು ನಾನು ತಿಳಿದಿದ್ದೇನೆ. ಒಬ್ಬರಿಗೆ ಕಷ್ಟವನ್ನು ತಪ್ಪಿಸುವ ಹೆಸರಿನಲ್ಲಿ ಅವರ ಪೌರುಷವನ್ನೇ ಕಸಿದುಕೊಳ್ಳುವ ದಯೆಯುಂಟು. ಹಿರಿಯರಾದ ನಾವು ಮಕ್ಕಳಿಗೆ ಅದನ್ನು ನಿತ್ಯವೂ ಮಾಡುತ್ತಿರುತ್ತೇವೆ.

ಹಾಗಾದರೆ ಸೂತ್ರಧಾರನಲ್ಲಿ ದಯೆಗೆ ಸ್ಥಳವೇ ಇಲ್ಲವೇ? ಧಾರಾಳವಾಗಿ ಉಂಟು, ಆದರೆ ಅದರ ಸ್ಥಳವು ದಾಳವನ್ನು ಎಸೆಯುವುದಕ್ಕೆ ಮೊದಲು. ಹನ್ನೆರಡರ ಬದಲು ಎಂಟನ್ನು ನಾನು ಸಾರಬಹುದಾಗಿದ್ದಿತು. ಸಾವಿನ ಬದಲು, ಕೆಳಗಿನ ಮಡುವಿನಲ್ಲಿ ಬೆಸ್ತರಿಗೆ ಸಿಕ್ಕುವಳೆಂದು ಹೇಳಬಹುದಾಗಿದ್ದಿತು. ಇಲ್ಲಿ ದಾಳವೇ ಬೇಡ, ಹಗ್ಗವು ನಿಂತಿತು ಎಂದು ಮುಖಕ್ಕೆ ಮುಖ ಕೊಟ್ಟು ಹೇಳಬಹುದಾಗಿದ್ದಿತು. ಆಗ ಅವಳು ಬೇಡವೆನ್ನಲೂ ಬಹುದಾಗಿದ್ದಿತು. ದಾಳವು ಬಿದ್ದ ಮೇಲೆಯೂ, ‘ನಾಲ್ಕು ಬಿದ್ದಿದೆ, ನನ್ನ ಮನಸ್ಸು ಒಪ್ಪುತ್ತಿಲ್ಲ, ಏನು ಮಾಡೋಣ?’ ಎಂದು ಮಕ್ಕಳನ್ನೇ ಕೇಳಬಹುದಾಗಿದ್ದಿತು. ಗೈಗ್ಯಾಕ್ಸರು ಒಪ್ಪಿದ ಹಕ್ಕನ್ನು ಬಯಲಿನಲ್ಲಿ ಉಪಯೋಗಿಸುವವನೊಡನೆ ನನಗೆ ಜಗಳವಿಲ್ಲ. ಈ ತೊಡಕನ್ನು ತಪ್ಪಿಸಲು ಆಟದ ಕರ್ತೃಗಳೇ ಬೇರೆ ಬೇರೆ ದಾರಿಗಳನ್ನು ಹುಡುಕಿರುವರು. 2009ರಲ್ಲಿ ಬಂದ ಫಿಯಾಸ್ಕೋ ಎಂಬ ಆಟದಲ್ಲಿ ಸೂತ್ರಧಾರನೇ ಇಲ್ಲ. ಕುಳಿತವರೇ ಹೊತ್ತನ್ನೂ ಕಥೆಯನ್ನೂ ಹಂಚಿಕೊಳ್ಳುವರು. 2010ರಲ್ಲಿ ಬಂದ ಅಪೋಕಲಿಪ್ಸ್ ವರ್ಲ್ಡ್ ಎಂಬುದರಲ್ಲಿ ಸೂತ್ರಧಾರನು ಇರುವನಾದರೂ ದಾಳವನ್ನು ಅವನು ಮುಟ್ಟುವುದಿಲ್ಲ, ಎಸೆಯುವವರೆಲ್ಲರೂ ಆಡುವವರೇ. ಆ ದಾರಿಗಳು ಬೇಕಾದವರಿಗೆ ಇರಲಿ. ಆದರೆ ಅಧಿಕಾರವನ್ನು ಇಲ್ಲವಾಗಿಸುವುದೊಂದೇ ಅದರ ದೋಷಕ್ಕೆ ಮದ್ದೆಂದು ನನಗೆ ತೋರುವುದಿಲ್ಲ. ಭಾಗವತನಿಲ್ಲದ ತಾಳಮದ್ದಳೆಯಲ್ಲಿ ದನಿ ದೊಡ್ಡದಾದವನೇ ಭಾಗವತನಾದಾನು!

ಈಗ ಮೊದಲು ನೆನೆದ ಆ ಹಳೆಯ ಆಟಕ್ಕೆ ಮರಳೋಣ. ಗದುಗಿನ ಕುಮಾರವ್ಯಾಸನಿಂದಾಗಿ ದ್ಯೂತಸಭೆಯು ಕನ್ನಡಿಗರ ಮನೆಮನೆಗೂ ಪರಿಚಿತವಾಗಿದೆ. ಅಲ್ಲಿಯ ಆಟವು ಹೊರಗಿನ ರೂಪದಲ್ಲಿ ನಿಯಮಬದ್ಧವಾದುದೇ. ಕರೆದರು, ಬಂದನು, ಒಡ್ಡಿದನು, ಸೋತನು. ಆದರೆ ಆ ಸಭೆಗೆ ಹಿರಿಯನಾಗಿ ಕುಳಿತವನು ಯಾರು? ಪ್ರತಿಯೊಂದು ಪಣಕ್ಕೂ ಗೆದ್ದಿತೇ, ಗೆದ್ದಿತೇ ಎಂದು ಹಿಗ್ಗನ್ನು ಮುಚ್ಚಲಾರದೆ ಕೇಳುತ್ತಿದ್ದ ಧೃತರಾಷ್ಟ್ರನು. ಆಡಿಸುವ ಸ್ಥಾನದಲ್ಲಿ ಕುಳಿತವನಿಗೆ ಒಂದು ಪಕ್ಷವು ಗೆಲ್ಲಬೇಕೆಂಬ ಆಸೆಯಿದ್ದಿತು. ಆ ಆಸೆಯು ಶಕುನಿಯ ದಾಳದ ಹಿಂದೆ ಅಡಗಿದ್ದಿತು. ದ್ರೌಪದಿಯು ತಲೆಯೆತ್ತಿ, ತನ್ನನ್ನು ತಾನು ಸೋತವನಿಗೆ ನನ್ನನ್ನು ಒಡ್ಡುವ ಹಕ್ಕೆಲ್ಲಿಯದು ಎಂದು ಕೇಳಿದಾಗ ಸಭೆಯು ತಬ್ಬಿಬ್ಬಾಯಿತು. ಭೀಷ್ಮನಂಥವನೂ ಧರ್ಮವು ಸೂಕ್ಷ್ಮವೆಂದು ಹೇಳಿ ಸುಮ್ಮನಾದನು. ಅವಳ ಪ್ರಶ್ನೆಯು ದಾಳವನ್ನು ಕುರಿತದ್ದಲ್ಲ, ದಾಳದ ಹಿಂದಿದ್ದ ಮನುಷ್ಯರನ್ನು ಕುರಿತದ್ದು. ಸಭೆಯಾದರೋ ದಾಳದ ಹಿಂದೆ ಅಡಗಿ ಕುಳಿತಿತು. ನನ್ನ ನಿಘಂಟಿನ ಮರೆಗೂ ಆ ಸಭೆಗೂ ಹೋಲಿಕೆಯೇ ಎಂದು ವಾಚಕರು ನಗಬಹುದು. ಒಂದು ದ್ವೇಷದಿಂದ ಮಾಡಿದುದು, ಇನ್ನೊಂದು ವಾತ್ಸಲ್ಯದಿಂದ ಮಾಡಿದುದು. ಆದರೆ ಅಡಗುವ ರೀತಿಯು ಒಂದೇ.

ಆ ರೀತಿಯು ನಮ್ಮ ಮನೆಗಳಲ್ಲಿಯೂ ಅಪರೂಪವಲ್ಲ. ಮಗಳು ಮೆಚ್ಚಿದ ವರನು ತಂದೆಗೆ ಒಪ್ಪಿಗೆಯಾಗುವುದಿಲ್ಲ. ಒಪ್ಪಿಗೆಯಿಲ್ಲವೆಂದು ಹೇಳಿದರೆ ಮಗಳು ಕಾರಣವನ್ನು ಕೇಳಿಯಾಳು, ವಾದಿಸಿಯಾಳು. ಆದುದರಿಂದ ಜಾತಕವು ಕೂಡಲಿಲ್ಲವೆಂದು ಹೇಳಿಸಿಬಿಡುತ್ತಾನೆ. ತಮ್ಮಂದಿರಲ್ಲಿ ಆಸ್ತಿಯನ್ನು ಹಂಚುವ ಅಣ್ಣನು ಬಾವಿಯಿದ್ದ ಹೊಲವನ್ನು ತನಗಿಟ್ಟುಕೊಂಡು, ಚೀಟಿಯಲ್ಲಿ ಹಾಗೆ ಬಂದಿತೆನ್ನುತ್ತಾನೆ. ಮೇಜಿನ ಹಿಂದೆ ಕುಳಿತವನು ತನಗೆ ಮನಸ್ಸಿಲ್ಲದ ಕೆಲಸಕ್ಕೆ ನಿಯಮದಲ್ಲಿ ಅವಕಾಶವಿಲ್ಲವೆನ್ನುತ್ತಾನೆ. ಇವರೆಲ್ಲರೂ ಸುಳ್ಳು ಹೇಳಿದರೆಂಬುದಷ್ಟೇ ಅಲ್ಲ. ಮನುಷ್ಯನೊಡನೆ ವಾದಿಸಬಹುದು, ಬೇಡಿಕೊಳ್ಳಬಹುದು, ಮುನಿಸಿಕೊಳ್ಳಬಹುದು. ಜಾತಕದೊಡನೆ, ಚೀಟಿಯೊಡನೆ, ದಾಳದೊಡನೆ ವಾದಿಸುವುದು ಹೇಗೆ? ತನ್ನ ಇಚ್ಛೆಯನ್ನು ದೈವದ ಇಲ್ಲವೆ ನಿಯಮದ ಬಾಯಿಂದ ಆಡಿಸುವವನು, ಎದುರಿನವರಿಂದ ಉತ್ತರ ಹೇಳುವ ಹಕ್ಕನ್ನೇ ಕಿತ್ತುಕೊಳ್ಳುತ್ತಾನೆ. ಅಧಿಕಾರದ ದುರುಪಯೋಗಗಳಲ್ಲಿ ಇದಕ್ಕಿಂತ ಸದ್ದಿಲ್ಲದುದು ಇಲ್ಲ; ಪೆಟ್ಟು ತಿಂದವನಿಗೆ ಹೊಡೆದವನಾರೆಂಬುದೇ ತಿಳಿಯದು.

ಆಡುವವರಿಗೂ ಒಂದು ಧರ್ಮವುಂಟು. ಸೂತ್ರಧಾರನ ಪ್ರತಿಯೊಂದು ಮಾತಿಗೂ ಆಟವನ್ನು ನಿಲ್ಲಿಸಿ ಜಗಳವಾಡುವವರು ಆಟವನ್ನು ಕೊಲ್ಲುವರು. ತಾಳವು ಬಿದ್ದಾಗ ಅರ್ಥಧಾರಿಯು ಹೇಗೆ ಮಾತನ್ನು ನಿಲ್ಲಿಸುವನೋ ಹಾಗೆ, ಆಟದ ನಡುವೆ ನಿರ್ಣಯವನ್ನು ಒಪ್ಪಿ, ಆಟವು ಮುಗಿದ ಮೇಲೆ ಕಾರಣವನ್ನು ಕೇಳುವುದು ಸಭ್ಯರ ರೀತಿ. ಅಕ್ಕನ ಮಗಳು ಮಾಡಿದುದು ಅದನ್ನೇ. ಚಪ್ಪಾಳೆಯ ನಡುವೆ ಅವಳು ಸಂದೇಹವನ್ನು ನುಂಗಿಕೊಂಡು, ರಾತ್ರಿ ಒಬ್ಬಳೇ ಬಂದು ಕೇಳಿದಳು. ಕೇಳುವವರು ಹಾಗೆ ಕೇಳುವಾಗ ಹೇಳುವವನು ನಿಜವನ್ನು ಹೇಳತಕ್ಕದ್ದು. ಆ ಭರವಸೆಯಿಲ್ಲದಿದ್ದರೆ ಆಟದ ನಡುವಿನ ಅವರ ವಿಧೇಯತೆಗೆ ಅರ್ಥವೇ ಇಲ್ಲ.

ಆದುದರಿಂದ ನನ್ನ ಉತ್ತರವಿದು. ಆಡಿಸುವವನ ಅಧಿಕಾರವು ಆಡುವವರು ಇಟ್ಟ ನ್ಯಾಸ. ಅವನು ಯಾವ ಪಕ್ಷದ ಗೆಲುವನ್ನೂ ಬಯಸಬಾರದು, ಪ್ರೀತಿಯಿಂದಲೂ ಬಯಸಬಾರದು. ಅವನು ಲೋಕವನ್ನೆಲ್ಲ ಆಳಬಹುದು, ಇನ್ನೊಬ್ಬರ ಪಾತ್ರದ ಸಂಕಲ್ಪವನ್ನು ಆಳಬಾರದು. ವಿವೇಕದಿಂದ ನಿರ್ಣಯಿಸುವಾಗ ನಿರ್ಣಯವು ನನ್ನದೆಂದು ಹೇಳಬೇಕು. ದಾಳಕ್ಕೆ ಬಿಟ್ಟಾಗ ದಾಳಕ್ಕೇ ಬಿಡಬೇಕು. ಎರಡರಲ್ಲಿ ಯಾವುದನ್ನು ಮಾಡಿದರೂ ಅವನು ಗೌರವಕ್ಕೆ ಪಾತ್ರನು. ಒಂದನ್ನು ಮಾಡುತ್ತ ಇನ್ನೊಂದರ ವೇಷವನ್ನು ತೊಟ್ಟರೆ ಮಾತ್ರ ಅವನ ಅಧಿಕಾರವು ಆ ಕ್ಷಣದಲ್ಲಿಯೇ ಕಳೆದುಹೋಗುತ್ತದೆ. ಇತರರಿಗೆ ಅದು ತಿಳಿಯದಿದ್ದರೂ ಅವನಿಗೆ ತಿಳಿದಿರುತ್ತದೆ.

ಮರುದಿನ ಬೆಳಿಗ್ಗೆ ಮಕ್ಕಳನ್ನೆಲ್ಲ ಕೂರಿಸಿ ನಡೆದುದನ್ನು ಹೇಳಿದೆನು. ತಮ್ಮನ ಮಗನು ಆದುದಾಯಿತು, ಹದಿನೈದೇ ಇರಲಿ ಎಂದನು. ಎಲ್ಲರಿಗಿಂತ ಚಿಕ್ಕವನು ದಾಳವನ್ನು ಇನ್ನೊಮ್ಮೆ ಎಸೆಯೋಣವೆಂದನು. ಅಕ್ಕನ ಮಗಳು ಮಾತ್ರ, ನಾಲ್ಕು ಬಿದ್ದಿದ್ದರೆ ನಾಲ್ಕೇ ಎಂದಳು. ನಾನು ನಿಘಂಟನ್ನು ಎತ್ತಿ ಕಪಾಟಿನಲ್ಲಿಟ್ಟೆನು. ಔಷಧವು ಆಚೆಯ ದಡವನ್ನು ಮುಟ್ಟಿತು. ಅಂಬಿಗನ ಮಗಳು ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬಳಿಕ ಅವಳು ಹೊಸದೊಂದು ಕಾಗದವನ್ನು ತೆಗೆದುಕೊಂಡು, ಮಗಳನ್ನು ಹುಡುಕುತ್ತ ದಡದಗುಂಟ ಬರುವ ಮುದಿ ಅಂಬಿಗನ ಹೆಸರನ್ನು ಅದರ ಮೇಲೆ ಬರೆದಳು. ಆಟವು ಮುಂದೆ ಸಾಗಿತು. ಅಂದು ಹೊಳೆಯಲ್ಲಿ ನೀರಿದ್ದಿತು.